ಅಸಲ್ ಉತ್ತರ್, 1965: ಪ್ಯಾಟನ್ ಟ್ಯಾಂಕುಗಳು ಕಬ್ಬಿನ ಗದ್ದೆಯಲ್ಲಿ ಸೋತದ್ದು ಹೇಗೆ?

ವಿಸಿ_ನಾಲೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆಯಲ್ಲಿ ಸುತ್ತುತ್ತಿರುವ ವಿಷಯ ಇದು. ಇವತ್ತು ಬರೆದೇಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಓದಿ.

ನಮ್ಮದು ಮಂಡ್ಯ ಕಡೆ, ನಾಲೆ ಬಯಲು. ನಾನು ಚಿಕ್ಕವನಿದ್ದಾಗ ಒಂದು ಸಲ ಅಪ್ಪ ಬಾಡಿಗೆಗೆ ಟ್ರ್ಯಾಕ್ಟರ್ ತರಿಸಿದ್ದರು. ಹಿಂದಿನ ರಾತ್ರಿ ಮೇಲಿನ ಗದ್ದೆಯವರು ತೂಬು ತೆಗೆದು ನೀರು ಬಿಟ್ಟಿದ್ದು ನಮಗೆ ಗೊತ್ತೇ ಇರಲಿಲ್ಲ. ನೋಡೋದಕ್ಕೆ ನೆಲ ಗಟ್ಟಿಯಾಗೇ ಇತ್ತು. ಟ್ರ್ಯಾಕ್ಟರ್ ಬದು ದಾಟಿ ಹತ್ತು ಮಾರು ಹೋಗಿತ್ತೋ ಇಲ್ಲವೋ, ಹಿಂದಿನ ಚಕ್ರ ಅರ್ಧ ಹೂತುಹೋಯಿತು. ಡ್ರೈವರ್ ಒತ್ತಿದಷ್ಟೂ ಇನ್ನೂ ಒಳಗೆ. ಸಂಜೆ ತನಕ ಎರಡು ಜೊತೆ ಎತ್ತು ಕಟ್ಟಿ, ಚಕ್ರದ ಕೆಳಗೆ ಕಲ್ಲು, ಸೋಗೆ ತುಂಬಿ ಎಳೆದದ್ದು ಇನ್ನೂ ಕಣ್ಣಮುಂದೆ ಇದೆ.

ಪಂಜಾಬ್ ಗಡಿಯ ಖೇಮ್‌ಕರಣ್ ಕಡೆಯ ಅಸಲ್ ಉತ್ತರ್ ಯುದ್ಧದ ಬಗ್ಗೆ ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ಆ ಗದ್ದೆ. 1965ರ ಸೆಪ್ಟೆಂಬರ್ 10ರಂದು ಪಾಕಿಸ್ತಾನದ 1ನೇ ಶಸ್ತ್ರಸಜ್ಜಿತ ಡಿವಿಷನ್, ಅಂದರೆ ಅವರ ಸೇನೆಯ ಹೆಮ್ಮೆಯ ಟ್ಯಾಂಕ್ ಪಡೆ, ಇಂಥದೇ ಕಬ್ಬಿನ ಗದ್ದೆಗಳಲ್ಲಿ ಸಿಕ್ಕಿಬಿತ್ತು. ನಮ್ಮವರು ರಾತ್ರೋರಾತ್ರಿ ನಾಲೆ ಒಡೆದು ನೀರು ಹರಿಸಿದ್ದರು. ಮೂರು ದಿನದ ಕಾಳಗ ಮುಗಿಯುವಷ್ಟರಲ್ಲಿ ಒಟ್ಟು 97 ಟ್ಯಾಂಕುಗಳು ಸುಟ್ಟುಹೋಗಿದ್ದವು, ಇಲ್ಲವೇ ನಮ್ಮ ಕೈಗೆ ಸಿಕ್ಕಿದ್ದವು. ಸಿಕ್ಕವನ್ನು ಭಿಖಿವಿಂಡ್‌ನಲ್ಲಿ ಸಾಲಾಗಿ ನಿಲ್ಲಿಸಿದರು. ಪ್ಯಾಟನ್ ಅನ್ನೋದು ಅವರ ಅಮೆರಿಕನ್ ಟ್ಯಾಂಕಿನ ಹೆಸರು. ಜನ ಆ ಜಾಗಕ್ಕೆ ‘ಪ್ಯಾಟನ್ ನಗರ’ ಅಂತಲೇ ಹೆಸರಿಟ್ಟರು.

ಶಾಲೆಯಲ್ಲಿ ನಮಗೆ ಹೇಳಿದ್ದು ಇಷ್ಟೇ: ವೀರ ಅಬ್ದುಲ್ ಹಮೀದ್, ಒಂದು ಜೀಪು, ಪ್ಯಾಟನ್ ಟ್ಯಾಂಕುಗಳು ಢಮಾರ್. ಹಮೀದ್ ಅವರ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೆ ಒಂದು ಜೀಪಿನಿಂದ ಒಂದು ಡಿವಿಷನ್ ಸೋಲೋದಿಲ್ಲ, ಅಲ್ವಾ? ಆ ಮೂರು ದಿನ ನಿಜವಾಗಿ ಏನಾಯಿತು, ಅಷ್ಟು ದೊಡ್ಡ ಪಡೆ ಯಾಕೆ ಸೋತಿತು ಅನ್ನೋದನ್ನು ಇಲ್ಲಿ ಮಾತಾಡೋಣ. ನನ್ನ ಪ್ರಕಾರ ಗೆಲುವಿನ ಅರ್ಧ ಪಾಲು ಮಣ್ಣು ನೀರಿನದು. ಇನ್ನರ್ಧ, ಕಂದಕ ಬಿಟ್ಟು ಓಡದೆ ಅಲ್ಲೇ ಕೂತ ಜನರದು.

---

ಹುಬ್ಬಳ್ಳಿ_ಜಂಕ್ಷನ್

ಅಣ್ಣಾ, ಚೊಲೋ ವಿಷಯ ತೆಗೆದಿದ್ದೀರಿ. ನನಗೆ ಬುಡದಿಂದ ಹೇಳಬೇಕು. ಆ ಟ್ಯಾಂಕುಗಳು ಎಲ್ಲಿಗೆ ಹೊರಟಿದ್ದವು? ಖೇಮ್‌ಕರಣ್ ಅನ್ನೋದು ಒಂದು ಸಣ್ಣ ಊರು. ಅದನ್ನು ಹಿಡಿಯೋದಕ್ಕೆ ಇಡೀ ಡಿವಿಷನ್ ಯಾಕೆ ಬೇಕಿತ್ತು?

---

ಹಳೇ_ನಕ್ಷೆ

ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನಕ್ಷೆ ನೋಡದೆ ಈ ಯುದ್ಧ ಅರ್ಥವಾಗೋದಿಲ್ಲ.

ಪಂಜಾಬ್ ನಕ್ಷೆ ತೆಗೆದುಕೊಳ್ಳಿ. ಎಡಗಡೆ ಲಾಹೋರ್, ಬಲಗಡೆ ಅಮೃತಸರ. ಎರಡರ ನಡುವೆ ಗ್ರ್ಯಾಂಡ್ ಟ್ರಂಕ್ ರಸ್ತೆ. ಅಮೃತಸರದಿಂದ ಇನ್ನೂ ಪೂರ್ವಕ್ಕೆ ಸುಮಾರು 40 ಕಿ.ಮೀ. ಹೋದರೆ ಬಿಯಾಸ್ ನದಿಯ ಸೇತುವೆ. ಅಮೃತಸರದ ದಕ್ಷಿಣಕ್ಕೆ, ಗಡಿಯ ಹತ್ತಿರ ಖೇಮ್‌ಕರಣ್. ಅದರ ಎದುರಿಗೆ ಆ ಕಡೆ ಕಸೂರ್.

1965ರ ಆಗಸ್ಟ್‌ನಲ್ಲಿ ಪಾಕಿಸ್ತಾನ ಕಾಶ್ಮೀರಕ್ಕೆ ನುಸುಳುಕೋರರನ್ನು ಕಳಿಸಿತು. ಅದು ಆಪರೇಷನ್ ಜಿಬ್ರಾಲ್ಟರ್. ಸೆಪ್ಟೆಂಬರ್ 1ಕ್ಕೆ ಛಂಬ್ ಕಡೆಯಿಂದ ಅಖ್ನೂರ್ ಮೇಲೆ ಟ್ಯಾಂಕ್ ನುಗ್ಗಿಸಿತು. ಅಖ್ನೂರ್ ಹೋದರೆ ಕಾಶ್ಮೀರದ ದಾರಿಗೇ ಕುತ್ತು. ಆ ಒತ್ತಡ ಇಳಿಸೋದಕ್ಕೆ ಭಾರತ ಸೆಪ್ಟೆಂಬರ್ 6ರಂದು ಪಂಜಾಬಿನಲ್ಲಿ ಗಡಿ ದಾಟಿತು. 11ನೇ ಕೋರ್ (ಹಲವು ಡಿವಿಷನ್ ಸೇರಿದ ದೊಡ್ಡ ಪಡೆ) ಮೂರು ದಾರಿಯಲ್ಲಿ ಲಾಹೋರ್ ಕಡೆ ಹೊರಟಿತು. ದಕ್ಷಿಣದ ದಾರಿ ಖೇಮ್‌ಕರಣ್–ಕಸೂರ್. ಅದನ್ನು ಹಿಡಿದದ್ದು 4ನೇ ಮೌಂಟನ್ ಡಿವಿಷನ್. ಮೇಜರ್ ಜನರಲ್ ಗುರ್ಬಕ್ಷ್ ಸಿಂಗ್ ಅದರ ಮುಖ್ಯಸ್ಥರು.

ಪಾಕಿಸ್ತಾನದ ಲೆಕ್ಕ ಹೀಗಿತ್ತು: ಖೇಮ್‌ಕರಣ್ ಹಿಡಿ, ಅಲ್ಲಿಂದ ಟ್ಯಾಂಕ್ ಪಡೆಯನ್ನು ಈಶಾನ್ಯಕ್ಕೆ ತಿರುಗಿಸು, ಬಿಯಾಸ್ ಸೇತುವೆ ಮತ್ತು ಜಂಡಿಯಾಲಾ ಗುರು ಹತ್ತಿರ ಹೆದ್ದಾರಿ ಕತ್ತರಿಸು. ಇಷ್ಟಾದರೆ ಅಮೃತಸರ, ಗಡಿಯಲ್ಲಿರುವ ಇಡೀ 11ನೇ ಕೋರ್, ಎಲ್ಲಾ ಚೀಲದೊಳಗೆ. ಬಾಯಿ ಕಟ್ಟೋದೊಂದೇ ಬಾಕಿ. ಲಾಹೋರ್ ಕಡೆ ಹೊರಟ ಸೈನ್ಯಕ್ಕೆ ಹಿಂದಿನಿಂದ ಒಂದು ಲಾರಿ ಅನ್ನವೂ ತಲುಪುತ್ತಿರಲಿಲ್ಲ. ಊರು ಸಣ್ಣದಾದರೂ ಈ ಬಾಗಿಲಿನ ಕೀಲಿ ಇದ್ದದ್ದು ಅಲ್ಲೇ.

---

ಕಾಫಿ_ತೋಟ

4ನೇ ಡಿವಿಷನ್ ಅಂದರೆ ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ‘ರೆಡ್ ಈಗಲ್’ ಡಿವಿಷನ್ ತಾನೇ? ಕೆರೆನ್, ಕಸಿನೊ ಎಲ್ಲಾ ಕಡೆ ಕಾದಾಡಿದವರು. 1962ರಲ್ಲಿ ಸೆ ಲಾ, ಬೊಮ್ಡಿಲಾ ಕಡೆ ಚೀನಾ ಎದುರು ಚದುರಿಹೋದದ್ದೂ ಇದೇ ಡಿವಿಷನ್. ಮೂರೇ ವರ್ಷದಲ್ಲಿ ಮತ್ತೆ ದೊಡ್ಡ ಪರೀಕ್ಷೆ ಬಂದಿತ್ತು.

---

ವಿಸಿ_ನಾಲೆ

ಹೌದು, ಅದೇ. ನೀವು ಆ ಮಾತು ಎತ್ತಿದ್ದು ಒಳ್ಳೆಯದಾಯಿತು. ಕಥೆ ಹೇಳುವವರು ಜಾಸ್ತಿ ಜನ ಬಿಟ್ಟುಬಿಡೋದು ಈ ಭಾಗವನ್ನೇ.

ಸೆಪ್ಟೆಂಬರ್ 6 ಮತ್ತು 7ರಂದು ಈ ಡಿವಿಷನ್ ಚೆನ್ನಾಗಿ ಹೋರಾಡಲಿಲ್ಲ. ಗಡಿಯಾಚೆ ಲಾಹೋರ್ ಕಾಯುವ ಇಚ್ಛೋಗಿಲ್ ಕಾಲುವೆ ತನಕ ಹೋಗಬೇಕಿತ್ತು, ಆಗಲಿಲ್ಲ. ಕೈಯಲ್ಲಿ ಇದ್ದದ್ದು ಎರಡೇ ಬ್ರಿಗೇಡ್. ಹೆಸರಿಗೆ ತಕ್ಕಂತೆ ಬೆಟ್ಟದ ಯುದ್ಧಕ್ಕೆ ತಯಾರಾಗಿದ್ದ ಪಡೆ, ಅದನ್ನು ತಂದು ಪಂಜಾಬಿನ ಬಯಲಿನಲ್ಲಿ ಟ್ಯಾಂಕಿನ ಎದುರು ನಿಲ್ಲಿಸಿದ್ದರು. ಎದುರಿನ ಹೊಡೆತಕ್ಕೆ ಕೆಲವು ಬೆಟಾಲಿಯನ್ನುಗಳು ಚೆಲ್ಲಾಪಿಲ್ಲಿ ಆದವು. ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಹರ್ಬಕ್ಷ್ ಸಿಂಗ್ ತಮ್ಮ ನೆನಪುಗಳಲ್ಲಿ ಇದನ್ನು ಮುಚ್ಚಿಡದೆ ಬರೆದಿದ್ದಾರೆ.

ಈ ಸ್ಥಿತಿಯಲ್ಲಿ ಗುರ್ಬಕ್ಷ್ ಸಿಂಗ್ ತೆಗೆದುಕೊಂಡ ತೀರ್ಮಾನ ನೋಡಿ. ಖೇಮ್‌ಕರಣ್ ಬಿಟ್ಟು ಕೆಲವು ಕಿ.ಮೀ. ಹಿಂದೆ, ಭಿಖಿವಿಂಡ್ ರಸ್ತೆಯ ಮೇಲಿರುವ ಅಸಲ್ ಉತ್ತರ್ ಊರಿನ ಸುತ್ತ ಕುದುರೆ ಲಾಳದ ಆಕಾರದಲ್ಲಿ ಪಡೆಯನ್ನು ಕೂರಿಸಿದರು. 7ರ ರಾತ್ರಿ ಹೊಸ ಜಾಗಕ್ಕೆ ಬಂದವರು ಬೆಳಗಾಗುವಷ್ಟರಲ್ಲಿ ಕಂದಕ ತೋಡಬೇಕಿತ್ತು, ಮೈನು ಹುಗಿಯಬೇಕಿತ್ತು. ಹಿಂದಿನ ಎರಡು ದಿನ ಪೆಟ್ಟು ತಿಂದು, ನಿದ್ದೆ ಕೆಟ್ಟು, ಅರ್ಧ ಜೊತೆಗಾರರನ್ನು ಕಾಣದೆ ಬಂದ ಹುಡುಗರು ಅವರು. ಗುದ್ದಲಿ ಹಿಡಿದ ಆ ರಾತ್ರಿಯನ್ನು ನೆನೆದರೆ ನನಗೆ ಮೈ ಜುಂ ಅನ್ನುತ್ತೆ.

ಊರಿನ ಹೆಸರು ನಮ್ಮ ಕಿವಿಗೆ ಎಷ್ಟು ಸಲೀಸು ನೋಡಿ. ಅಸಲು ಉತ್ತರ. ಅನುವಾದವೇ ಬೇಕಿಲ್ಲ.

---

ನಿವೃತ್ತ_ಸುಬೇದಾರ್

ಮಕ್ಕಳೇ, ನಾನು 1978ರಲ್ಲಿ ಸೇನೆ ಸೇರಿದವನು. ಆ ಯುದ್ಧ ನೋಡಿದವನಲ್ಲ. ಆದರೆ ಹಮೀದ್ ಸಾಹೇಬರು ಹಾರಿಸಿದಂಥದೇ 106 ಎಂಎಂ ಗನ್ನಿನ ಮೇಲೆ ಆರು ವರ್ಷ ಕೆಲಸ ಮಾಡಿದ್ದೇನೆ. ಅದನ್ನು ನಾವು ಆರ್‌ಸಿಎಲ್ ಅಂತಿದ್ದೆವು. ಅದರ ವಿಷಯ ಹೇಳುತ್ತೇನೆ, ಆಮೇಲೆ ಆ ಮನುಷ್ಯ ಮಾಡಿದ್ದು ಏನು ಅಂತ ನಿಮಗೇ ತಿಳಿಯುತ್ತೆ.

ಆ ಗನ್ನು ಜೀಪಿನ ಮೇಲೆ ಕೂರುತ್ತೆ. ಜೀಪಿಗೆ ಉಕ್ಕಿನ ತಗಡು ಗಿಗಡು ಏನೂ ಇರೋದಿಲ್ಲ. ಒಂದು ರೈಫಲ್ ಗುಂಡು ಬಿದ್ದರೂ ಕಥೆ ಮುಗಿಯಿತು. ಗನ್ನಿನ ಮೇಲೆ ಒಂದು ಚಿಕ್ಕ ರೈಫಲ್ ಕೂರಿಸಿರುತ್ತಾರೆ. ಮೊದಲು ಅದರಿಂದ ಗುರಿ ನೋಡುವ ಗುಂಡು ಹಾರಿಸಬೇಕು. ಅದು ಟ್ಯಾಂಕಿಗೆ ಬಡಿದದ್ದು ಕಂಡಿತು ಅಂದರೆ ತಕ್ಷಣ ದೊಡ್ಡ ಗುಂಡು. ನಡುವೆ ಉಸಿರು ಬಿಡೋದಕ್ಕೂ ಪುರುಸೊತ್ತಿಲ್ಲ.

ಕಷ್ಟ ಶುರುವಾಗೋದು ಹಾರಿಸಿದ ಮೇಲೆ. ಈ ಗನ್ನಿನ ಹಿಂದುಗಡೆ ತೆರೆದಿರುತ್ತೆ. ಗುಂಡು ಮುಂದೆ ಹೋದಂತೆ ಬೆಂಕಿ, ಗಾಳಿ ಹಿಂದಕ್ಕೆ ನುಗ್ಗುತ್ತೆ. ಒಣ ಮಣ್ಣಾದರೆ ಮನೆಯೆತ್ತರ ಧೂಳು ಏಳುತ್ತೆ. ಕಬ್ಬಿನ ಗದ್ದೆಯಾದರೆ ಹಿಂದಿನ ಕಬ್ಬೆಲ್ಲ ಮಲಗುತ್ತೆ. ಅರ್ಧ ಮೈಲಿಯಲ್ಲಿರುವ ಎಲ್ಲರಿಗೂ ನೀವು ಎಲ್ಲಿದ್ದೀರಿ ಅಂತ ಗೊತ್ತಾಯಿತು. ಹಾಗಾಗಿ ನಮಗೆ ಕಲಿಸಿದ್ದು ಒಂದೇ ಪಾಠ: ಹಾರಿಸು, ಜಾಗ ಬದಲಿಸು. ಹಾರಿಸಿದ ಜಾಗದಲ್ಲಿ ಎರಡನೇ ಸಲ ನಿಲ್ಲಬೇಡ.

ಹಮೀದ್ ಸಾಹೇಬರು 4 ಗ್ರೆನೇಡಿಯರ್ಸ್‌ನಲ್ಲಿ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್. ಸಾಮಾನು ಸರಂಜಾಮು ನೋಡುವ ಹುದ್ದೆ ಅದು. ಆದರೆ ಈ ಗನ್ನಿನ ತರಬೇತಿಯಲ್ಲಿ ಪಳಗಿದ ಕೈ. ಅದಕ್ಕೇ ಗನ್ನಿನ ತುಕಡಿಯನ್ನು ಅವರಿಗೆ ಒಪ್ಪಿಸಿದ್ದರು. ಚೀಮಾ ಊರಿನ ಹತ್ತಿರ ಕಬ್ಬಿನ ಮರೆಯಲ್ಲಿ ಜೀಪು ನಿಲ್ಲಿಸಿ, ಟ್ಯಾಂಕ್ ತೀರಾ ಹತ್ತಿರ ಬರುವ ತನಕ ಕಾಯುತ್ತಿದ್ದರು. ಹೊಡೆದ ಕೂಡಲೇ ಜೀಪು ಬೇರೆ ಕಡೆ. ಮತ್ತೆ ಕಾಯೋದು. ಎಷ್ಟು ಟ್ಯಾಂಕ್ ಹೊಡೆದರು ಅನ್ನೋದನ್ನು ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ. ನನಗೆ ಸಂಖ್ಯೆ ಮುಖ್ಯ ಅಲ್ಲ. ಕೊನೆಯಲ್ಲಿ ಒಂದು ಟ್ಯಾಂಕು ಅವರನ್ನು ನೋಡಿಬಿಟ್ಟಿತು. ಅವರೂ ಅದನ್ನು ನೋಡಿದರು. ಜಾಗ ಬದಲಿಸುವಷ್ಟು ಸಮಯ ಇರಲಿಲ್ಲ. ಆ ಗನ್ನಿನ ಹಿಂದೆ ಕೂತವನಿಗೆ ಆ ಹೊತ್ತಿನ ಅರ್ಥ ಚೆನ್ನಾಗಿ ಗೊತ್ತು.

ಗಾಜಿಪುರ ಜಿಲ್ಲೆಯ ಧಾಮುಪುರ ಅನ್ನೋ ಹಳ್ಳಿಯವರು. ದರ್ಜಿ ಮನೆತನ. 32 ವರ್ಷ ವಯಸ್ಸು. ಪರಮವೀರ ಚಕ್ರ ಬಂತು.

---

ವಿಸಿ_ನಾಲೆ

ಸುಬೇದಾರ್ ಸಾಹೇಬರೇ, ಇದನ್ನು ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ. ಕೈ ಮುಗಿದೆ. ‘ಒಂದು ಜೀಪು’ ಅಂತ ನಾನು ಮೇಲೆ ಸಲೀಸಾಗಿ ಬರೆದುಬಿಟ್ಟಿದ್ದೆ. ಬೇಜಾರು ಮಾಡಿಕೊಳ್ಳಬೇಡಿ.

---

ನಿವೃತ್ತ_ಸುಬೇದಾರ್

ಬೇಜಾರು ಏನಿಲ್ಲ ಮಗಾ. ಒಂದು ಮಾತು ಮಾತ್ರ ತಿದ್ದುತ್ತೇನೆ. ನಿನ್ನ ಟ್ರ್ಯಾಕ್ಟರ್ ಕಥೆ ಚೆನ್ನಾಗಿದೆ, ಆದರೆ ಟ್ಯಾಂಕು ಹಾಗೆ ಹೂತುಕೊಳ್ಳೋದಿಲ್ಲ. ಪ್ಯಾಟನ್ ಸುಮಾರು 45 ಟನ್ ಭಾರ, ನಿಜ. ಆ ಭಾರ ಚೈನಿನ ಉದ್ದಕ್ಕೂ ಹಂಚಿಹೋಗಿರುತ್ತೆ. ನೇರವಾಗಿ, ಒಂದೇ ವೇಗದಲ್ಲಿ ಹೋದರೆ ಟ್ರ್ಯಾಕ್ಟರ್ ಸಿಕ್ಕಿಕೊಳ್ಳುವ ಕೆಸರನ್ನೂ ಅದು ದಾಟಿಬಿಡುತ್ತೆ. ತಿರುಗಿಸೋವಾಗ ಇರೋದು ಆಟ. ಒಂದು ಚೈನು ನಿಲ್ಲಿಸಿ ಇನ್ನೊಂದು ಓಡಿಸಬೇಕು. ಆಗ ನಿಂತ ಚೈನು ನೇಗಿಲಿನ ಹಾಗೆ ಮಣ್ಣು ಅಗೆಯುತ್ತೆ. ಎರಡು ಸಲ ಹಿಂದೆ ಮುಂದೆ ಮಾಡಿದರೆ ಹೊಟ್ಟೆ ನೆಲಕ್ಕೆ ತಾಗುತ್ತೆ. ಹೊಟ್ಟೆ ತಾಗಿದ ಮೇಲೆ ಚೈನು ಬರೀ ಗಾಳಿಯಲ್ಲಿ ತಿರುಗುತ್ತೆ, ಅಷ್ಟೇ.

ಈಗ ಯೋಚನೆ ಮಾಡು. ಗುಂಡು ಬೀಳದೆ ಇದ್ದರೆ ಟ್ಯಾಂಕ್ ಓಡಿಸುವವನು ನೇರವಾಗಿ ಹೋಗುತ್ತಾನೆ. ಪಕ್ಕದಿಂದ ಗುಂಡು ಬಿದ್ದರೆ? ಗಾಬರಿಯಲ್ಲಿ ತಿರುಗಿಸುತ್ತಾನೆ. ನೀರು ಒಂದೇ ಅವರನ್ನು ಸಿಕ್ಕಿಸಲಿಲ್ಲ. ನೀರಿನ ಜೊತೆ ಪಕ್ಕದಿಂದ ಹೊಡೆತ ಬಿದ್ದದ್ದಕ್ಕೆ ಸಿಕ್ಕಿಕೊಂಡರು.

---

ಹುಬ್ಬಳ್ಳಿ_ಜಂಕ್ಷನ್

ಈಗ ತಲೆಗೆ ಹತ್ತಿತು ನೋಡ್ರಿ! ಪಕ್ಕದಿಂದ ಹೊಡೆದವರು ಯಾರು? ನಮ್ಮ ಕಡೆ ಟ್ಯಾಂಕ್ ಇದ್ದವಾ?

---

ಹಳೇ_ನಕ್ಷೆ

ಇದ್ದವು. ಮೊದಲು ಡಿವಿಷನ್ ಜೊತೆ ಇದ್ದದ್ದು 9 ಡೆಕ್ಕನ್ ಹಾರ್ಸ್ ಒಂದೇ. ಅವರ ಹತ್ತಿರ ಎರಡನೇ ಮಹಾಯುದ್ಧದ ಕಾಲದ ಶರ್ಮನ್ ಟ್ಯಾಂಕುಗಳು. ಲೆಫ್ಟಿನೆಂಟ್ ಕರ್ನಲ್ ಅರುಣ್ ಶ್ರೀಧರ್ ವೈದ್ಯ ಅದರ ಮುಖ್ಯಸ್ಥರು. ಮುಂದೆ ಭೂಸೇನೆಯ ಮುಖ್ಯಸ್ಥರಾದವರು ಅವರೇ. ಆಮೇಲೆ ಬ್ರಿಗೇಡಿಯರ್ ಥಿಯೋಗರಾಜ್ ಅವರ 2ನೇ ಸ್ವತಂತ್ರ ಶಸ್ತ್ರಸಜ್ಜಿತ ಬ್ರಿಗೇಡ್ ಬಂದು ಸೇರಿತು. ಅದರಲ್ಲಿ ಲೆಫ್ಟಿನೆಂಟ್ ಕರ್ನಲ್ ಸಲೀಂ ಕೇಲೆಬ್ ಅವರ 3 ಕ್ಯಾವಲ್ರಿ ಇತ್ತು, ಸೆಂಚುರಿಯನ್ ಟ್ಯಾಂಕುಗಳ ಜೊತೆ. ಮೂರನೆಯದು 8 ಲೈಟ್ ಕ್ಯಾವಲ್ರಿ. ಅವರದು ಫ್ರಾನ್ಸಿನ ಹಗುರ ಎಎಂಎಕ್ಸ್ ಟ್ಯಾಂಕು. ಒಟ್ಟು ಮೂರು ರೆಜಿಮೆಂಟ್. ಎದುರಿಗೆ ಪೂರಾ ಒಂದು ಟ್ಯಾಂಕ್ ಡಿವಿಷನ್.

ಪ್ಯಾಟನ್ ಕೆಟ್ಟ ಟ್ಯಾಂಕ್ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪೋದಿಲ್ಲ. ಅಮೆರಿಕದ ಒಳ್ಳೆಯ ಟ್ಯಾಂಕ್ ಅದು. 90 ಎಂಎಂ ಗನ್ನು, ದೂರ ಅಳೆಯುವ ಸಾಧನ, ಎಲ್ಲಾ ಇತ್ತು. ಆದರೆ ಆ ಸಾಧನ ಉಪಯೋಗಕ್ಕೆ ಬರೋದು ಮೈಲಿ ದೂರದ ಗುರಿ ಕಂಡಾಗ. ಸೆಪ್ಟೆಂಬರ್ ತಿಂಗಳ ಪಂಜಾಬಿನಲ್ಲಿ ಕಬ್ಬು ಆಳಿಗಿಂತ ಎತ್ತರ. ಎದುರಿಗೆ ಕಾಣೋದು ಹಸಿರು ಗೋಡೆ. ಸುಮ್ನೆ ಕೂತ ಸೆಂಚುರಿಯನ್ನಿಗೆ ಮಾತ್ರ ಕಬ್ಬಿನ ತುದಿ ಅಲ್ಲಾಡೋದು ಕಾಣುತ್ತೆ. ಗಾಳಿ ಇಲ್ಲದ ದಿನ ಒಂದೇ ಸಾಲಿನಲ್ಲಿ ಕಬ್ಬು ಅಲ್ಲಾಡುತ್ತಾ ಬಂದರೆ ಅಲ್ಲಿ ಏನಿದೆ ಅಂತ ಕೇಳಬೇಕಾ?

---

ಕಾಫಿ_ತೋಟ

ಅಷ್ಟೊಂದು ಟ್ಯಾಂಕ್ ಇಟ್ಟುಕೊಂಡು ಪಾಕಿಸ್ತಾನ ಒಂದೇ ಏಟಿಗೆ ಯಾಕೆ ನುಗ್ಗಲಿಲ್ಲ? 8ನೇ ತಾರೀಖೇ ಪೂರ್ತಿ ಬಲ ಹಾಕಿದ್ದರೆ? ಕಂದಕ ಇನ್ನೂ ಹಸಿ ಇತ್ತಲ್ಲ.

---

ಹಳೇ_ನಕ್ಷೆ

ನೀವು ಬೆರಳಿಟ್ಟದ್ದು ಸರಿಯಾದ ಜಾಗದ ಮೇಲೆ. ಇಡೀ ಸೋಲಿನ ಬೇರು ಅಲ್ಲೇ ಇದೆ ಅಂತ ನನ್ನ ನಂಬಿಕೆ.

ಕಸೂರ್‌ನಿಂದ ಈ ಕಡೆ ಬರಬೇಕಾದರೆ ರೋಹಿ ನಾಲಾ ಅಡ್ಡ. ಅದರ ಮೇಲೆ ಸೇತುವೆ ಹಾಕಿ ಒಂದೊಂದೇ ಟ್ಯಾಂಕ್ ದಾಟಿಸಬೇಕಿತ್ತು. ಆ ಕಿರಿದಾದ ದಾರಿಯಲ್ಲೇ ಹೊತ್ತು ಕಳೆಯಿತು. ನೂರಾರು ಗಾಡಿ ಇರುವ ಡಿವಿಷನ್ ಒಂದೇ ಸಲ ಈ ಕಡೆ ಬಂದು ನಿಲ್ಲಲೇ ಇಲ್ಲ. 8ರಂದು ಬಂದಷ್ಟನ್ನು ಕಳಿಸಿದರು. 9ರಂದು ಮತ್ತೆ ಒಂದಷ್ಟು. ಮುಷ್ಟಿ ಕಟ್ಟಿ ಗುದ್ದಬೇಕಾದಲ್ಲಿ ಒಂದೊಂದೇ ಬೆರಳಿನಿಂದ ತಿವಿದ ಹಾಗಾಯಿತು.

ಎರಡನೆಯದು ಕಾಲಾಳು ಸೈನಿಕರ ವಿಷಯ. ಪ್ಯಾಟನ್ನುಗಳು ಮೊದಲ ದಿನ ನಮ್ಮ ಕಂದಕಗಳ ಮೇಲೇ ಹತ್ತಿ ಹೋದವು. ಆದರೆ ಜೊತೆಗೆ ಬೇಕಾದಷ್ಟು ಕಾಲಾಳುಗಳು ಇರಲಿಲ್ಲ. ಕಂದಕದೊಳಗೆ ಇಳಿದು ನಮ್ಮವರನ್ನು ಎಬ್ಬಿಸೋರು ಯಾರು? ಟ್ಯಾಂಕು ಮೇಲಿನಿಂದ ಹೋಯಿತು, ನಮ್ಮವರು ಕೆಳಗೇ ಇದ್ದರು. ಕತ್ತಲಾದ ಮೇಲೆ ಟ್ಯಾಂಕಿಗೆ ಕಣ್ಣು ಕಾಣೋದಿಲ್ಲ, ಡೀಸೆಲ್ ಪೆಟ್ರೋಲ್ ಬೇಕು, ಗುಂಡು ಬೇಕು. ಹಿಂದಕ್ಕೆ ಹೋದವು. ಬೆಳಗ್ಗೆ ಮತ್ತೆ ಬಂದರೆ ಅದೇ ಕಂದಕ, ಅದೇ ಜನ, ಮೇಲಾಗಿ ಹೊಸದಾಗಿ ಹುಗಿದ ಮೈನು.

---

ವಿಸಿ_ನಾಲೆ

ಇದೇ ನೋಡಿ ನಾನು ಹೇಳಬೇಕು ಅಂತಿದ್ದದ್ದು. 45 ಟನ್ನಿನ ಗಾಡಿ ತಲೆ ಮೇಲಿಂದ ಹಾದುಹೋಗುವಾಗ ಕಂದಕದೊಳಗೆ ಮುದುಡಿಕೊಂಡು ಕೂರಬೇಕು. ಮಣ್ಣು ಬೆನ್ನ ಮೇಲೆ ಉದುರುತ್ತಿರುತ್ತೆ. ಎರಡು ದಿನದ ಹಿಂದೆ ಪಕ್ಕದ ತುಕಡಿಗಳು ಚದುರಿದ್ದು ಕಣ್ಣಾರೆ ನೋಡಿದ್ದೀರಿ. ಎದ್ದು ಓಡೋದಕ್ಕೆ ಎಲ್ಲಾ ಕಾರಣವೂ ಇದೆ. ಆದರೂ ಆ ಹುಡುಗರು ಓಡಲಿಲ್ಲ. ಗೆಲುವು ಆಗಲೇ ಅರ್ಧ ಆಗಿತ್ತು ಅನ್ನಿಸುತ್ತೆ.

10ನೇ ತಾರೀಖು ಪಾಕಿಸ್ತಾನದವರು ನೇರ ದಾರಿ ಬಿಟ್ಟು ಬಳಸಿಕೊಂಡು ಬರೋದಕ್ಕೆ ನೋಡಿದರು. ಪಕ್ಕದಿಂದ ಸುತ್ತು ಹಾಕಿ ಡಿವಿಷನ್ನಿನ ಬೆನ್ನಿಗೆ ಬೀಳುವ ಯೋಚನೆ. ಅಲ್ಲಿ ಕಾಯುತ್ತಿದ್ದದ್ದು ನೀರು ತುಂಬಿದ ಗದ್ದೆ, ಕಬ್ಬಿನೊಳಗೆ ಅಡಗಿದ್ದ 3 ಕ್ಯಾವಲ್ರಿಯ ಸೆಂಚುರಿಯನ್ನುಗಳು. ಆಮೇಲೆ ಸುಬೇದಾರ್ ಸಾಹೇಬರು ಹೇಳಿದಂತೆಯೇ ಆಯಿತು. ತಿರುಗಿಸಿದರು, ಸಿಕ್ಕಿಕೊಂಡರು. ಎಂಜಿನ್ ಓಡುತ್ತಿರುವಾಗಲೇ ಇಳಿದು ಹೋದ ಟ್ಯಾಂಕುಗಳೂ ಇದ್ದವು. ಮರುದಿನ ಪಾಕಿಸ್ತಾನದ 4 ಕ್ಯಾವಲ್ರಿಯ ಕಮಾಂಡಿಂಗ್ ಆಫೀಸರೇ ತಮ್ಮ ಅಧಿಕಾರಿಗಳ ಸಮೇತ ಶರಣಾದರು.

---

ಅಜ್ಜಿ_ಮನೆ

ನಾನು ಸುಮ್ಮನೆ ಓದುತ್ತಿದ್ದೆ, ಒಂದು ಮಾತು ಕೇಳಬೇಕು ಅನ್ನಿಸಿತು. ಆ ಕಡೆ ಸತ್ತವರ ಬಗ್ಗೆಯೂ ಹೇಳಿ. ಅವರೂ ಯಾರದೋ ಮನೆ ಮಕ್ಕಳೇ ಅಲ್ವಾ?

---

ನಿವೃತ್ತ_ಸುಬೇದಾರ್

ಸರಿಯಾಗಿ ಕೇಳಿದೆ ತಾಯಿ. ಪಾಕಿಸ್ತಾನದ ಆ ಡಿವಿಷನ್ನಿನ ಫಿರಂಗಿ ಪಡೆಯ ಮುಖ್ಯಸ್ಥರು ಬ್ರಿಗೇಡಿಯರ್ ಶಮಿ. 10ರಂದು ಪರಿಸ್ಥಿತಿ ನೋಡೋಣ ಅಂತ ಮುಂದಕ್ಕೆ ಬಂದವರು 4 ಗ್ರೆನೇಡಿಯರ್ಸ್‌ನವರ ಗುಂಡಿಗೆ ಬಿದ್ದರು. ಹಿರಿಯ ಅಧಿಕಾರಿ ಆಫೀಸಿನಲ್ಲಿ ಕೂರದೆ ತಾವೇ ಮುಂದೆ ಬಂದಿದ್ದರು. ನಮ್ಮವರು ಅವರನ್ನು ಸೇನಾ ಮರ್ಯಾದೆಯಿಂದ ಮಣ್ಣು ಮಾಡಿದರು. ಹಾಗೆಯೇ ಮಾಡಬೇಕು. ಸೈನಿಕನಿಗೆ ಸೈನಿಕ ಕೊಡುವ ಗೌರವ ಅದು.

---

ಅಜ್ಜಿ_ಮನೆ

ಥ್ಯಾಂಕ್ಸ್ ಸರ್. ನಮ್ಮ ಅಮ್ಮನಿಗೆ ಆಗ ಹತ್ತು ವರ್ಷ. ಆ ಕಾಲದ ಯುದ್ಧ ಅಂದರೆ ಅಮ್ಮನಿಗೆ ನೆನಪಿರೋದು ಎರಡೇ ವಿಷಯ. ಒಂದು, ಎದುರು ಮನೆಯ ಜಗುಲಿಯಲ್ಲಿ ರೇಡಿಯೋ ಸುತ್ತ ಜನ ಕೂತು ವಾರ್ತೆ ಕೇಳುತ್ತಿದ್ದದ್ದು. ಇನ್ನೊಂದು, ಸೋಮವಾರ ರಾತ್ರಿ ಊಟ ಇಲ್ಲದ್ದು. ಶಾಸ್ತ್ರೀಜಿ ಕೇಳಿಕೊಂಡಿದ್ದರಲ್ಲ, ವಾರಕ್ಕೊಂದು ಹೊತ್ತು ಬಿಡಿ ಅಂತ. ನಮ್ಮ ಅಜ್ಜಿ ಮಕ್ಕಳಿಗೆ ಮಾತ್ರ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದರಂತೆ. ಅಮ್ಮ ಇವತ್ತಿಗೂ ಸೋಮವಾರ ರಾತ್ರಿ ಊಟ ಮಾಡೋದಿಲ್ಲ. ಕೇಳಿದರೆ “ರೂಢಿ ಆಗಿಹೋಗಿದೆ” ಅಂತಾರೆ.

---

ಕಾಫಿ_ತೋಟ

ನಮ್ಮ ಕೊಡಗಿನವರಿಗೂ ಆ ಸೆಪ್ಟೆಂಬರ್ ಮರೆಯೋದಕ್ಕೆ ಆಗೋದಿಲ್ಲ. 7ನೇ ತಾರೀಖು, ಅಂದರೆ ಅಸಲ್ ಉತ್ತರ್‌ನಲ್ಲಿ ಕಂದಕ ತೋಡುತ್ತಿದ್ದ ರಾತ್ರಿಗೂ ಮುಂಚೆ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಹೊಡೆದು ಉರುಳಿಸಿದ್ದರು. ನಮ್ಮವರಿಗೆ ಅದು ಗೊತ್ತಾಗೋದಕ್ಕೇ ವರ್ಷಗಳು ಬೇಕಾದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಟ್ಯಾಂಕಿನ ಚರ್ಚೆಗೆ ಇದು ನೇರ ಸಂಬಂಧ ಇಲ್ಲ, ಕ್ಷಮಿಸಿ. ಬರೆಯದೆ ಇರೋದಕ್ಕೆ ಆಗಲಿಲ್ಲ.

---

ಹಳೇ_ನಕ್ಷೆ

ಕ್ಷಮೆ ಯಾಕೆ? ಚೆನ್ನಾಗಿಯೇ ಬರೆದಿದ್ದೀರಿ.

ಈಗ ನಾನು ಒಂದು ತಕರಾರು ಎತ್ತುತ್ತೇನೆ. ಅಸಲ್ ಉತ್ತರ್ ಯುದ್ಧದ ದಿಕ್ಕನ್ನೇ ತಿರುಗಿಸಿತು ಅಂತ ಎಲ್ಲಾ ಕಡೆ ಬರೆಯುತ್ತಾರೆ. ನಿಜವಾಗಿ ತಿರುಗಿಸಿತಾ? ಖೇಮ್‌ಕರಣ್ ಊರು ಯುದ್ಧ ಮುಗಿಯುವ ತನಕ ಪಾಕಿಸ್ತಾನದ ಕೈಯಲ್ಲೇ ಇತ್ತು. ನಾವು ಅದನ್ನು ಬಿಡಿಸಿಕೊಳ್ಳೋದಕ್ಕೆ ಹೋಗಿ ಕೈಸುಟ್ಟುಕೊಂಡೆವು. ಸೆಪ್ಟೆಂಬರ್ 12ರಂದು 4 ಸಿಖ್ ಬೆಟಾಲಿಯನ್ನನ್ನು ಕಳಿಸಿದರು. ಲಾಹೋರ್ ಹತ್ತಿರದ ಬರ್ಕಿ ಗೆದ್ದು ಇನ್ನೂ ದಣಿವು ಆರದ ಜನ. ರಾತ್ರಿ ನಡೆದು ಶತ್ರುವಿನ ಹಿಂದೆ ಹೋಗಿ ಕೂರಿ ಅಂದರು. ಬೆಂಬಲಕ್ಕೆ ಬರಬೇಕಾದವರು ಬರಲಿಲ್ಲ. ಕಮಾಂಡಿಂಗ್ ಆಫೀಸರ್ ಸೇರಿ ತುಂಬಾ ಜನ ಸೆರೆಯಾದರು. ಅವರಿಗೆ ಅವತ್ತು ಸಾರಾಗಢಿ ದಿನ, ಅಂದರೆ 1897ರಲ್ಲಿ ಅವರ ಹಿಂದಿನವರು ಕೊನೆಯ ತನಕ ಹೋರಾಡಿ ಮಡಿದ ಕಾಳಗದ ನೆನಪಿನ ದಿನ, ರೆಜಿಮೆಂಟಿನ ಹಬ್ಬ.

ಇನ್ನೊಂದು ವಿಷಯ. ನಮ್ಮ 1ನೇ ಶಸ್ತ್ರಸಜ್ಜಿತ ಡಿವಿಷನ್ ಸಿಯಾಲ್‌ಕೋಟ್ ಕಡೆ ನುಗ್ಗಿದಾಗ ಫಿಲ್ಲೋರಾ ಗೆದ್ದರೂ ಚವಿಂಡಾದಲ್ಲಿ ನಿಂತುಬಿಟ್ಟಿತು. ಪೂನಾ ಹಾರ್ಸ್‌ನ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್ ಅಲ್ಲೇ ಸೆಪ್ಟೆಂಬರ್ 16ರಂದು ಪ್ರಾಣ ಕೊಟ್ಟರು. ಪಾಕಿಸ್ತಾನದವರು ಇಲ್ಲಿ ಮಾಡಿದ ತಪ್ಪುಗಳಲ್ಲಿ ಒಂದೆರಡನ್ನು ನಾವೂ ಅಲ್ಲಿ ಮಾಡಿದೆವು. ಗೆದ್ದದ್ದನ್ನು ಮಾತ್ರ ಹೇಳಿ ಇದನ್ನು ಬಿಟ್ಟರೆ ಸರಿಯಾಗೋದಿಲ್ಲ.

---

ವಿಸಿ_ನಾಲೆ

ನಿಮ್ಮ ತಕರಾರು ಒಪ್ಪಿದೆ. ಖೇಮ್‌ಕರಣ್ ವಾಪಸ್ ಬಂದದ್ದು 1966ರ ಜನವರಿ 10ರ ತಾಷ್ಕೆಂಟ್ ಒಪ್ಪಂದದ ಮೇಲೆ. ಚವಿಂಡಾ ವಿಷಯದಲ್ಲೂ ನಿಮ್ಮ ಮಾತಿಗೆ ಎದುರು ಹೇಳೋದಿಲ್ಲ. ಆದರೂ ದಿಕ್ಕು ತಿರುಗಿತು ಅಂತಲೇ ನಾನು ಹೇಳುತ್ತೇನೆ. ಯಾಕೆ ಅಂತ ಕೇಳಿ.

ಸೆಪ್ಟೆಂಬರ್ 1ರಿಂದ 10ರ ತನಕ ಪಾಕಿಸ್ತಾನದ ಕೈಯಲ್ಲಿ ಒಂದು ದೊಡ್ಡ ಅಸ್ತ್ರ ಇತ್ತು. ಒಂದೇ ಏಟಿಗೆ ಯುದ್ಧ ಮುಗಿಸಬಲ್ಲ ಅಸ್ತ್ರ. 1ನೇ ಶಸ್ತ್ರಸಜ್ಜಿತ ಡಿವಿಷನ್ ಬಿಯಾಸ್ ತಲುಪಿದ್ದರೆ ಅಮೃತಸರ ಹೋಗುತ್ತಿತ್ತು. ದೆಹಲಿಯಲ್ಲಿ ಎಷ್ಟು ಆತಂಕ ಇತ್ತು ಅನ್ನೋದಕ್ಕೆ ಹರ್ಬಕ್ಷ್ ಸಿಂಗ್ ಹೇಳಿದ ಒಂದು ಘಟನೆ ಸಾಕು. ಭೂಸೇನೆಯ ಮುಖ್ಯಸ್ಥ ಜನರಲ್ ಚೌಧುರಿ ಅವರು, ಸೈನ್ಯವನ್ನು ಬಿಯಾಸ್ ನದಿಯ ಹಿಂದಕ್ಕೆ ಕರೆಸಿಕೊಳ್ಳಿ ಅಂದರಂತೆ. ಹರ್ಬಕ್ಷ್ ಸಿಂಗ್ ಒಪ್ಪಲಿಲ್ಲ. ಆಗ ಹರ್ಬಕ್ಷ್ ಅವರ ಎಡಿಸಿ (ಜೊತೆಗಿರುವ ಸಹಾಯಕ ಅಧಿಕಾರಿ) ಆಗಿದ್ದ ಅಮರಿಂದರ್ ಸಿಂಗ್ ಕೂಡ ಇದನ್ನೇ ಹೇಳುತ್ತಾರೆ. ಮುಂದೆ ಪಂಜಾಬಿನ ಮುಖ್ಯಮಂತ್ರಿ ಆದವರು ಅವರು. ಆ ಆದೇಶ ಜಾರಿಯಾಗಿದ್ದರೆ ಒಂದು ಗುಂಡು ಹಾರಿಸದೆ ಪಂಜಾಬಿನ ಎಷ್ಟು ಭಾಗ ಬಿಟ್ಟುಕೊಡಬೇಕಿತ್ತು ಅಂತ ನೀವೇ ನಕ್ಷೆ ನೋಡಿ ಹೇಳಿ.

10ರ ನಂತರ ಆ ಅಸ್ತ್ರ ಇರಲಿಲ್ಲ. ಉಳಿದ ಟ್ಯಾಂಕುಗಳಲ್ಲಿ ಬಹಳಷ್ಟನ್ನು ಸಿಯಾಲ್‌ಕೋಟ್ ಕಾಪಾಡೋದಕ್ಕೆ ಕಳಿಸಿದರು. ಆಮೇಲೆ ಭಾರತದ ಒಳಗೆ ಆಳವಾಗಿ ನುಗ್ಗುವ ಪ್ರಯತ್ನವನ್ನೇ ಪಾಕಿಸ್ತಾನ ಮಾಡಲಿಲ್ಲ. ಅದೇ ವಾರ ಅಮೆರಿಕ ಎರಡೂ ದೇಶಗಳಿಗೆ ಆಯುಧ ಕೊಡೋದನ್ನು ನಿಲ್ಲಿಸಿತು. ಹೊಡೆತ ಜೋರಾಗಿ ಬಿದ್ದದ್ದು ಪಾಕಿಸ್ತಾನಕ್ಕೆ, ಯಾಕೆಂದರೆ ಅವರ ಪ್ಯಾಟನ್, ಗುಂಡು, ಬಿಡಿಭಾಗ ಎಲ್ಲಾ ಅಲ್ಲಿಂದಲೇ ಬರಬೇಕಿತ್ತು. ಸೆಪ್ಟೆಂಬರ್ 23ಕ್ಕೆ ಕದನವಿರಾಮ.

ಹಾಗಾಗಿ ನಾವು ಗೆದ್ದ ಜಾಗದ ಲೆಕ್ಕ ಹಾಕಿದರೆ ಅಸಲ್ ಉತ್ತರ್ ಸಣ್ಣದು. ನಾವು ಕಳೆದುಕೊಳ್ಳದೆ ಉಳಿಸಿಕೊಂಡದ್ದರ ಲೆಕ್ಕ ಹಾಕಿ ನೋಡಿ.

---

ಹಳೇ_ನಕ್ಷೆ

ಈ ರೀತಿ ಹೇಳಿದರೆ ಒಪ್ಪುತ್ತೇನೆ. ‘ಗೆಲುವಿನ ಕಡೆ ತಿರುಗಿತು’ ಅನ್ನೋದಕ್ಕಿಂತ ‘ಸೋಲಿನ ಬಾಗಿಲು ಮುಚ್ಚಿತು’ ಅಂದರೆ ಜಾಸ್ತಿ ಸರಿ ಅನ್ನಿಸುತ್ತೆ.

ಅಂದ ಹಾಗೆ, ಪಾಕಿಸ್ತಾನದ ಆ ಪಡೆಯ ಫಿರಂಗಿ ದಳದಲ್ಲಿ ಪರ್ವೇಜ್ ಮುಷರಫ್ ಕೂಡ ಇದ್ದರು. ಆಗಿನ್ನೂ ಮೀಸೆ ಚಿಗುರಿದ ಹುಡುಗ ಅಧಿಕಾರಿ.

---

ಹುಬ್ಬಳ್ಳಿ_ಜಂಕ್ಷನ್

ಆ ಪ್ಯಾಟನ್ ಟ್ಯಾಂಕ್ ಈಗ ಎಲ್ಲಾದರೂ ನೋಡೋದಕ್ಕೆ ಸಿಗುತ್ತಾ? ನಮ್ಮ ಕಡೆಯಿಂದ ಹತ್ತಿರ ಇರುವ ಜಾಗ ಹೇಳಿ.

---

ನಿವೃತ್ತ_ಸುಬೇದಾರ್

ನಿಮಗೆ ಮಹಾರಾಷ್ಟ್ರದ ಅಹ್ಮದ್‌ನಗರ (ಈಗಿನ ಹೆಸರು ಅಹಿಲ್ಯಾನಗರ) ಹತ್ತಿರ. ಅಲ್ಲಿ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ಪ್ಯಾಟನ್, ಸೆಂಚುರಿಯನ್, ಶರ್ಮನ್ ಎಲ್ಲಾ ನಿಲ್ಲಿಸಿದ್ದಾರೆ. ಪ್ಯಾಟನ್ ಪಕ್ಕ ಹೋಗಿ ಅದರ ಚೈನಿಗೆ ಕೈ ಇಟ್ಟು ನೋಡಿ. ಆಮೇಲೆ ಒಂದು ತೆರೆದ ಜೀಪನ್ನು ಕಲ್ಪಿಸಿಕೊಳ್ಳಿ.

---

ವಿಸಿ_ನಾಲೆ

ನಾನು ಈ ವರ್ಷ ಅಸಲ್ ಉತ್ತರ್‌ಗೇ ಹೋಗೋಣ ಅಂತಿದ್ದೇನೆ. ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ. ಅಮೃತಸರ ತನಕ ರೈಲು, ಅಲ್ಲಿಂದ ತರನ್ ತಾರನ್, ಭಿಖಿವಿಂಡ್ ದಾಟಿ ಖೇಮ್‌ಕರಣ್ ರಸ್ತೆ. ಹಮೀದ್ ಅವರ ಸಮಾಧಿ ಅದೇ ರಸ್ತೆಯ ಪಕ್ಕದಲ್ಲಿದೆ. ಚಳಿಗಾಲದಲ್ಲಿ ಹೋದರೆ ಅಪ್ಪನಿಗೆ ಅನುಕೂಲ ಅಂತ ಡಿಸೆಂಬರ್ ಯೋಚನೆ ಮಾಡಿದ್ದೆ. ಏನಂತೀರಿ ಸುಬೇದಾರ್ ಸಾಹೇಬರೇ?

---

ನಿವೃತ್ತ_ಸುಬೇದಾರ್

ಡಿಸೆಂಬರ್ ಬೇಡ ಮಗಾ. ಕಬ್ಬು ಕಟಾವಿಗೆ ಬಂದಿರುತ್ತೆ, ಬಯಲು ಬಯಲಾಗಿ ಕಾಣುತ್ತೆ. ಸೆಪ್ಟೆಂಬರ್ ಹತ್ತರ ಆಸುಪಾಸು ಹೋಗು. ಸೆಕೆ ಇರುತ್ತೆ, ಅಪ್ಪನಿಗೆ ನೀರು ಇಟ್ಟುಕೋ. ಮೊದಲು ಸಮಾಧಿಗೆ ಕೈ ಮುಗಿಯಿರಿ. ಆಮೇಲೆ ಗದ್ದೆಯವರನ್ನು ಕೇಳಿ, ರಸ್ತೆ ಬಿಟ್ಟು ಕಬ್ಬಿನ ಸಾಲಿನೊಳಗೆ ಇಪ್ಪತ್ತು ಹೆಜ್ಜೆ ಇಳಿದು ಕೂತುಕೊಳ್ಳಿ. ಎದುರಿಗೆ ಎಷ್ಟು ದೂರ ಕಾಣುತ್ತೆ ಅಂತ ನೋಡಿ ಬಂದು ಇಲ್ಲಿ ಬರಿ.

---

ವಿಸಿ_ನಾಲೆ

ಸೆಪ್ಟೆಂಬರ್ 8ಕ್ಕೆ ಟಿಕೆಟ್ ಮಾಡಿಸಿದೆ. ಅಪ್ಪನಿಗೆ ಹೇಳಿದೆ. “ಅಲ್ಲಿ ಎಂಥಾ ಮಣ್ಣು?” ಅಂತ ಮೊದಲು ಕೇಳಿದರು.